ಊರಿಗೆ ಹೊರಟಾಗ ನಾಯಿ, ಬೆಕ್ಕು ಯಾರ ಕೈಗೆ?

ಪ್ರಶ್ನೆ: ಡಾಕ್ಟ್ರೇ, ದೀಪಾವಳಿಗೆ ಎಂಟು ದಿನ ಧಾರವಾಡಕ್ಕೆ ಹೋಗಬೇಕು. ನಮ್ಮದು ಬೆಂಗಳೂರಲ್ಲಿ ಅಪಾರ್ಟ್‌ಮೆಂಟ್, ಮೂರನೇ ಮಹಡಿ. ಕರಿಯ ಅಂತ ಐದು ವರ್ಷದ ನಾಟಿ ನಾಯಿ ಇದೆ. ಫಿಟ್ಸ್ ಬರುವುದರಿಂದ ದಿನಾ ಎರಡು ಹೊತ್ತು ಫೀನೋಬಾರ್ಬಿಟೋನ್ ಮಾತ್ರೆ ಕೊಡುತ್ತೇವೆ. ಸೋಮು ಅಂತ ದಪ್ಪನೆಯ ಗಂಡು ಬೆಕ್ಕೂ ಇದೆ. ಆ್ಯಪ್‌ನಲ್ಲಿ ಒಬ್ಬ ಹುಡುಗ ಸಿಕ್ಕಿದ್ದಾನೆ, ರೇಟಿಂಗ್ ಚೆನ್ನಾಗಿದೆ, ದಿನಾ ಎರಡು ಸಲ ಬಂದು ಹೋಗುತ್ತೇನೆ ಅಂತಾನೆ. ನಂಬಬಹುದಾ?

ಉತ್ತರ: ರೇಟಿಂಗ್ ಪಕ್ಕಕ್ಕಿಡಿ. ಫೋನಲ್ಲಿ ಮಾತಾಡಿದಾಗ ಆ ಹುಡುಗ ನಿಮ್ಮನ್ನು ಏನೇನು ಕೇಳಿದ, ಅದನ್ನು ನೆನಪು ಮಾಡಿಕೊಳ್ಳಿ. ಮಾತ್ರೆ ಎಷ್ಟು ಗಂಟೆಗೆ, ತಿನ್ನದಿದ್ದರೆ ಏನು ಮಾಡ್ತೀರಿ, ಕೊನೇ ಸಲ ಫಿಟ್ಸ್ ಬಂದಿದ್ದು ಯಾವಾಗ, ನಿಮ್ಮ ಡಾಕ್ಟರ್ ಯಾರು. ಇದ್ಯಾವುದನ್ನೂ ಕೇಳದೆ 'ಡೋಂಟ್ ವರಿ ಮೇಡಂ, ನಂಗೆ ನಾಯಿ ಅಂದ್ರೆ ಪ್ರಾಣ' ಅಂದಿದ್ದರೆ ಬೀಗದ ಕೈ ಕೊಡಬೇಡಿ. ನಾಯಿ ಇಷ್ಟ ಅನ್ನುವವರು ಬೇಕಾದಷ್ಟು ಜನ ಸಿಗುತ್ತಾರೆ. ರಾತ್ರಿ ಎಂಟಕ್ಕೆ ಮಾತ್ರೆ ಅಂದರೆ ಎಂಟಕ್ಕೇ ಕೊಡುವವರು ಕಮ್ಮಿ.

ಇನ್ನೊಂದು, ಬಂದು ಹೋಗುವ ಲೆಕ್ಕ ಕರಿಯನಿಗೆ ಸಾಲದು. ಮಾತ್ರೆ ದಿಢೀರನೆ ತಪ್ಪಿದರೆ ಫಿಟ್ಸ್ ಜೋರಾಗಿ ಬರಬಹುದು, ಅದರ ಮೇಲೆ ಪಟಾಕಿ ಬೇರೆ. ದೀಪಾವಳಿಗೆ ರಾತ್ರಿ 8ರಿಂದ 10ರವರೆಗೆ ಮಾತ್ರ ಪಟಾಕಿ ಅಂತ 2018ರಲ್ಲೇ ಸುಪ್ರೀಂ ಕೋರ್ಟ್ ಹೇಳಿತ್ತು. ನಮ್ಮ ಬೀದಿಗಳಲ್ಲಿ ಅದು ಎಷ್ಟು ನಡೆಯುತ್ತೆ ಅಂತ ನಿಮಗೂ ಗೊತ್ತು, ನರಕ ಚತುರ್ದಶಿ ದಿನವಂತೂ ಬೆಳಕು ಹರಿಯುವ ಮೊದಲೇ ಶುರು. ಹಾಗಾಗಿ ರಾತ್ರಿ ಮನೆಯಲ್ಲೇ ಮಲಗುವವರು ಬೇಕು. ಫಿಟ್ಸ್ ಬಂದರೆ ಬಾಯಿಗೆ ಕೈ ಹಾಕಬಾರದು, ಸುತ್ತ ಇರುವ ಸಾಮಾನು ಸರಿಸಿ ಟೈಮ್ ನೋಡಬೇಕು, ಐದು ನಿಮಿಷ ದಾಟಿದರೆ ಅಥವಾ ಒಂದರ ಹಿಂದೆ ಒಂದು ಬಂದರೆ ಕಾಯದೆ ಆಸ್ಪತ್ರೆಗೆ ಹೊರಡಬೇಕು. ಇದನ್ನು ಕನ್ನಡದಲ್ಲೇ, ದೊಡ್ಡ ಅಕ್ಷರದಲ್ಲಿ ಬರೆದು ಫ್ರಿಜ್ ಮೇಲೆ ಅಂಟಿಸಿ.

ಸೋಮು ಸುಮ್ನೆ ಮಂಚದ ಕೆಳಗೆ ಇರ್ತಾನೆ ಬಿಡಿ ಅಂದುಕೊಳ್ಳಬೇಡಿ. ದಪ್ಪ ಬೆಕ್ಕು ಎರಡು ಮೂರು ದಿನ ಏನೂ ತಿನ್ನದಿದ್ದರೆ ಲಿವರ್‌ಗೆ ಕೊಬ್ಬು ತುಂಬಿಕೊಳ್ಳುತ್ತೆ, ಪ್ರಾಣಕ್ಕೇ ಕುತ್ತು. ಗಂಡು ಬೆಕ್ಕಿಗೆ ಉಚ್ಚೆ ಕಟ್ಟುವ ತೊಂದರೆಯೂ ಜಾಸ್ತಿ. ಮತ್ತೆ ಮತ್ತೆ ಉಚ್ಚೆಗೆ ಇಟ್ಟ ಟ್ರೇಗೆ ಹೋಗಿ ಕೂತು, ಮುಕ್ಕಿ, ಒಂದು ಹನಿಯೂ ಬರದಿದ್ದರೆ ಅವತ್ತೇ ಡಾಕ್ಟರ್ ಹತ್ತಿರ ಒಯ್ಯಬೇಕು, ನಾಳೆ ನೋಡೋಣ ಅನ್ನುವ ಹಾಗಿಲ್ಲ. ಅಂದರೆ ಬಂದವರು ಬೆಕ್ಕಿನ ಮುಖ ನೋಡಿದರೆ ಸಾಲದು, ದಿನಾ ಟ್ರೇಯನ್ನೂ ನೋಡಬೇಕು.

ವಾಟ್ಸ್ಆ್ಯಪ್ ಫೋಟೋ ನಂಬಿ ನಾನೇ ಒಮ್ಮೆ ಮೋಸ ಹೋಗಿದ್ದೇನೆ. ನಮ್ಮ ಬೆಕ್ಕನ್ನು ಗೊತ್ತಿದ್ದ ಹುಡುಗನೊಬ್ಬನಿಗೆ ಒಪ್ಪಿಸಿ ಮದುವೆಗೆ ಹೋಗಿದ್ದೆ. ದಿನಕ್ಕೊಂದು ಫೋಟೋ ಬರುತ್ತಿತ್ತು, ಬೆಕ್ಕು ಬಟ್ಟಲ ಮುಂದೆ ಕೂತಿದೆ, ನಾನೂ ಖುಷಿ. ಮೂರನೇ ದಿನ ಬಸ್ಸಲ್ಲಿ ಕೂತು ಮೂರೂ ಫೋಟೋ ಒಟ್ಟಿಗೆ ನೋಡಿದರೆ ಬಟ್ಟಲ ಪಕ್ಕ ಚೆಲ್ಲಿದ್ದ ನಾಲ್ಕು ಕಾಳು ಮೂರರಲ್ಲೂ ಅದೇ ಜಾಗದಲ್ಲಿವೆ! ಮಹಾಶಯ ಮೊದಲ ದಿನವೇ ಎಲ್ಲ ತೆಗೆದಿಟ್ಟುಕೊಂಡಿದ್ದ. ಅದಕ್ಕೇ ಈಗ ಎಲ್ಲರಿಗೂ ಹೇಳುತ್ತೇನೆ, ಫೋಟೋ ಬೇಡ, ಮಾತ್ರೆ ನುಂಗಿಸುವಾಗ ವೀಡಿಯೋ ಕಾಲ್ ಮಾಡಲಿ. ನಿಮ್ಮ ಗೇಟಿನ ಸೆಕ್ಯುರಿಟಿ ಬುಕ್ಕಲ್ಲಿ ಬಂದ ಟೈಮು, ಹೋದ ಟೈಮು ಇರುತ್ತೆ, ಅಲ್ವಾ? ಹೊರಡುವ ಮುಂಚೆ ಸೆಕ್ಯುರಿಟಿಯವರ ಹತ್ತಿರ ಎರಡು ಮಾತಾಡಿ, ನಂಬರ್ ಇಟ್ಟುಕೊಳ್ಳಿ.

ಆಧಾರ್ ಕಾಪಿ, ಹಿಂದೆ ಅವನು ಯಾರ ಮನೆಯಲ್ಲಿ ಕೆಲಸ ಮಾಡಿದ್ದನೋ ಅಂಥ ಇಬ್ಬರ ಫೋನ್ ನಂಬರ್, ಇವೆಲ್ಲ ಹೇಗೂ ತಗೊಳ್ಳಿ. ಆ ಇಬ್ಬರಿಗೂ ಫೋನ್ ಮಾಡಿ 'ಹುಡುಗ ಹೇಗೆ' ಅಂತ ಕೇಳಿದರೆ 'ಚೆನ್ನಾಗಿದ್ದಾನೆ' ಅಂತಲೇ ಬರುತ್ತೆ. 'ಏನಾದರೂ ಎಡವಟ್ಟು ಆಯ್ತಾ, ಆದಾಗ ತಾನಾಗೇ ಹೇಳಿದನಾ' ಅಂತ ಕೇಳಿ.

ನಿಮ್ಮ ಮನೆಗೆ ಕೆಲಸಕ್ಕೆ ಬರುವ ಅಕ್ಕ ಇದ್ದರೆ ನಾನಾದರೆ ಮೊದಲು ಅವರನ್ನೇ ಕೇಳುತ್ತೇನೆ. ಕರಿಯನಿಗೆ ಅವರ ವಾಸನೆ ಗೊತ್ತು, ಅವನು ಬಾಗಿಲ ಸಂದಿಯಲ್ಲಿ ನುಗ್ಗುವ ಚಾಳಿ ಅವರಿಗೆ ಗೊತ್ತು. ಹಬ್ಬದಲ್ಲಿ ಅವರಿಗೂ ಮನೆ ಮಕ್ಕಳು ಅಂತ ಇರುತ್ತಾರೆ, ಹಾಗಾಗಿ ಆಗಲ್ಲ ಅಂದರೆ ಬೇಜಾರು ಮಾಡ್ಕೋಬೇಡಿ. ಒಪ್ಪಿದರೆ ಆ ಹುಡುಗನಿಗೆ ಕೊಡಬೇಕಿದ್ದ ದುಡ್ಡು ಪೂರ್ತಿ ಅವರಿಗೇ ಕೊಡಿ. 'ಸ್ವಲ್ಪ ನೋಡ್ಕೊಳ್ಳಿ' ಅಂತ ಹಳೇ ಸೀರೆ ಕೊಟ್ಟು ಮುಗಿಸುವುದು ಬೇಡ.

ಯಾರೇ ಆಗಲಿ, ಬರುವ ಶನಿವಾರ ಒಂದು ರಾತ್ರಿ ಬಿಟ್ಟು ನೋಡಿ. ನೀವು ಬೆಂಗಳೂರಲ್ಲೇ ನೆಂಟರ ಮನೆಗೆ ಹೋಗಿ ಮಲಗಿ. ಡಬ್ಬಿಯಲ್ಲಿ ಮಾತ್ರೆ ಎಣಿಸಿಟ್ಟು ಹೋಗಿ, ಬಂದು ಮತ್ತೆ ಎಣಿಸಿ. ಕರಿಯನ ಕೊರಳಪಟ್ಟಿಗೆ ನಿಮ್ಮ ನಂಬರ್ ಇರುವ ಬಿಲ್ಲೆ ಇದೆಯಾ ನೋಡಿ, ಪಟಾಕಿಗೆ ಹೆದರಿ ಓಡಿದ ನಾಯಿ ಎರಡು ಬೀದಿ ದಾಟಿದರೆ ದಾರಿ ತಪ್ಪುತ್ತೆ. ವಾಕಿಂಗ್ ಸಂಜೆ ಐದಕ್ಕೇ ಮುಗಿಯಲಿ.

ನಿಮ್ಮ ಡಾಕ್ಟರಿಗೆ ಒಂದು ಮೆಸೇಜ್ ಹಾಕಿಡಿ. 'ನಾನು ಊರಲ್ಲಿಲ್ಲ, ಇವರು ಕರ್ಕೊಂಡು ಬಂದರೆ ಚಿಕಿತ್ಸೆ ಮಾಡಿ, ದುಡ್ಡು ನಾನು ಕೊಡ್ತೀನಿ' ಅಂತ. ರಾತ್ರಿ ಹನ್ನೊಂದಕ್ಕೆ ನಾಯಿ ಎತ್ತಿಕೊಂಡು ಬಂದು ಓನರ್ ಫೋನ್ ಎತ್ತುತ್ತಿಲ್ಲ ಸಾರ್ ಅಂತ ನಿಂತವರನ್ನು ಪ್ರತಿ ಹಬ್ಬದಲ್ಲೂ ನೋಡುತ್ತೇನೆ. ಹಾಗೇ ಮಾತ್ರೆಗೆ ಹೊಸ ಚೀಟಿ ಬರೆಸಿಕೊಂಡು ಹದಿನೈದು ದಿನಕ್ಕಾಗುವಷ್ಟು ಈಗಲೇ ತಂದಿಡಿ. ಚೀಟಿ ಇಲ್ಲದೆ ಈ ಮಾತ್ರೆ ಕೊಡುವುದಿಲ್ಲ, ಹಬ್ಬದ ದಿನ ಅಂಗಡಿ ತೆರೆದಿರುವುದೂ ಅನುಮಾನ.