ಸೆಜಾನನ ಹೆಂಡತಿ ಯಾಕೆ ನಗಬೇಕು?

ಅಮೆರಿಕದಲ್ಲಿ ನೆಲೆಸಿರುವ ಓದುಗರೊಬ್ಬರ ಪತ್ರ: "2018ರಲ್ಲಿ ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿ ಫ್ರೆಂಚ್ ಚಿತ್ರಕಾರ ಪಾಲ್ ಸೆಜಾನನ ಭಾವಚಿತ್ರಗಳ ಪ್ರದರ್ಶನ ನೋಡಿದೆ. ಒಂದು ಮುಖದಲ್ಲೂ ಕಳೆ ಇಲ್ಲ. ಹೆಂಡತಿಯನ್ನಂತೂ ಮರದ ಗೊಂಬೆ ಮಾಡಿಟ್ಟಿದ್ದಾನೆ. ಇದಕ್ಕೆ ಜನ ಯಾಕೆ ಮುಗಿಬೀಳುತ್ತಾರೆ?"

ಸಂಪಾದಕರ ಉತ್ತರ:

ನೋಡಿದ್ದನ್ನು ಇಷ್ಟು ವರ್ಷ ಮನಸ್ಸಲ್ಲಿಟ್ಟುಕೊಂಡು ಬರೆದಿದ್ದೀರಿ, ಬಹಳ ಸಂತೋಷ. ಚಿತ್ರ ಬರೆಸಿಕೊಳ್ಳಲು ಸೆಜಾನನ ಮುಂದೆ ಕೂರುವುದು ಸುಖದ ಕೆಲಸವಾಗಿರಲಿಲ್ಲ, ಅದನ್ನು ಒಪ್ಪುತ್ತೇನೆ. ಚಿತ್ರಗಳ ವ್ಯಾಪಾರಿ ವೊಲಾರ್ 1899ರಲ್ಲಿ ತನ್ನ ಚಿತ್ರ ಬರೆಸಿಕೊಂಡ. 115 ಸಲ ಕೂತೆ ಎಂದು ಅವನೇ ಬರೆದಿದ್ದಾನೆ. ತೂಕಡಿಸಿ ಬಿದ್ದಾಗ ಸೆಜಾನ್ ರೇಗಿದನಂತೆ: ಸೇಬು ಅಲುಗಾಡುತ್ತದಾ? ಕೊನೆಗೆ ಚಿತ್ರ ಪೂರ್ತಿಯಾಗಲಿಲ್ಲ, ಅಂಗಿಯ ಎದೆಭಾಗ ಪರವಾಗಿಲ್ಲ ಅಂದನಂತೆ!

ಆದರೆ ಅವನ ಹೆಂಡತಿ ಓರ್ತಾನ್ಸ್ ನಗಲಿಲ್ಲ ಅಂತ ನೀವು ಬೇಸರ ಪಟ್ಟಿರಲ್ಲ, ಅವಳು ಯಾಕೆ ನಗಬೇಕು ಹೇಳಿ? ಬ್ಯಾಂಕ್ ನಡೆಸುತ್ತಿದ್ದ ಅಪ್ಪನಿಗೆ ಹೆದರಿ ಅವಳನ್ನೂ 1872ರಲ್ಲಿ ಹುಟ್ಟಿದ ಮಗನನ್ನೂ ಅವನು ವರ್ಷಗಟ್ಟಲೆ ಮುಚ್ಚಿಟ್ಟ. ಮದುವೆಯಾದದ್ದು 1886ರಲ್ಲಿ. ಅವನ ಗೆಳೆಯರು ಅವಳನ್ನು ಹಗುರವಾಗಿ ಮಾತಾಡಿದರು. ಅಂಥವಳು ಸುಮಾರು 29 ಚಿತ್ರಗಳಿಗೆ ಕೂತಳು. ಅವಳ ಮುಖಕ್ಕೆ ಸುಳ್ಳು ನಗು ಅಂಟಿಸದೇ ಇದ್ದದ್ದೇ ಅವನು ತೋರಿದ ಮರ್ಯಾದೆ ಎಂದು ನಾನು ನಂಬುತ್ತೇನೆ.

ಬಾಸ್ಟನ್ ಮ್ಯೂಸಿಯಂನಲ್ಲಿರುವ, ಅವಳು ಕೆಂಪು ಕುರ್ಚಿಯಲ್ಲಿ ಕೂತ ಚಿತ್ರವನ್ನು ಒಮ್ಮೆ ನೋಡಿ. ಕಣ್ಣು ಮೊದಲು ಕುರ್ಚಿಗೆ ಹೋಗುತ್ತದೆ, ಆಮೇಲೆ ಗೆರೆಗೆರೆ ಲಂಗಕ್ಕೆ. ಮುಖಕ್ಕೆ ಬಂದರೆ ಅಲ್ಲಿ ಹಸಿರು, ನೀಲಿ ಛಾಯೆ. ಕವಿ ರಿಲ್ಕೆ 1907ರಲ್ಲಿ ಪ್ಯಾರಿಸ್‌ನಲ್ಲಿ ಇದನ್ನು ನೋಡಿ ತನ್ನ ಹೆಂಡತಿಗೆ ಉದ್ದದ ಪತ್ರ ಬರೆದ. ಚಿತ್ರದ ಒಂದೊಂದು ಜಾಗಕ್ಕೂ ಉಳಿದೆಲ್ಲ ಜಾಗಗಳ ಅರಿವಿದೆ ಅನ್ನಿಸಿತ್ತು ಅವನಿಗೆ. ಅಷ್ಟು ನಿಂತು ನೋಡಬೇಕು. ಸೆಜಾನ್ ಬರೆದ ಭಾವಚಿತ್ರಗಳು ಸುಮಾರು 160. ಅವುಗಳಲ್ಲಿ 50ಕ್ಕೂ ಹೆಚ್ಚು ಒಂದೇ ಕಡೆ ಸೇರಿದ್ದಾಗ ನೀವು ಹುಡುಕಿದ್ದು ಕಳೆಯನ್ನಾ?

ತಪ್ಪು ನಿಮ್ಮೊಬ್ಬರದ್ದಲ್ಲ ಬಿಡಿ. ನಮ್ಮ ಶಾಲೆಗಳಲ್ಲಿ ತದ್ರೂಪ ಬರೆದ ಮಗುವಿಗೇ ಜಾಸ್ತಿ ಮಾರ್ಕ್ಸ್. ಮದುವೆ ಆಲ್ಬಂನಲ್ಲಿ ಎಲ್ಲರ ಮುಖವೂ ಒಂದೇ ಬಿಳಿ. ಸಭಾಭವನಗಳ ಗೋಡೆಗೆ ಹಿರಿಯರ ಚಿತ್ರ ಬರೆಸುವವರು ಸುಕ್ಕು ತೆಗೆಸಿ, ಕೆನ್ನೆ ತುಂಬಿಸಿ, ಅವರು ಬದುಕಿದ್ದ ಗುರುತನ್ನೇ ಅಳಿಸಿಬಿಡುತ್ತಾರೆ. ಪತ್ರಿಕೆಗಳನ್ನು ನೋಡಿ: ಕಲಾಪ್ರದರ್ಶನದ ವರದಿಯಲ್ಲಿ ದೀಪ ಬೆಳಗಿದವರು, ವೇದಿಕೆಯಲ್ಲಿ ಕೂತವರು, ಎಲ್ಲರ ಹೆಸರೂ ಇರುತ್ತದೆ. ಚಿತ್ರ ಹೇಗಿತ್ತು ಅನ್ನುವುದಕ್ಕೆ ಒಂದು ಸಾಲೂ ಇರುವುದಿಲ್ಲ. ಹೀಗಿದ್ದರೆ ನೋಡುವುದನ್ನು ಕಲಿಸುವವರು ಯಾರು?

ನಿಮಗೊಂದು ಅನುಕೂಲವಿದೆ. 1866ರಲ್ಲಿ ಸೆಜಾನ್ ಬರೆದ ಅಪ್ಪನ ಚಿತ್ರ ಅದೇ ನ್ಯಾಷನಲ್ ಗ್ಯಾಲರಿಯ ಸಂಗ್ರಹದ್ದು. ಮಗ ವಕೀಲನಾಗಲಿ ಎಂದು ಹಟ ಹಿಡಿದಿದ್ದ ಅಪ್ಪ. ಚಿತ್ರದಲ್ಲಿ ಮಗ ಅವನ ಕೈಗೆ ಕೊಟ್ಟದ್ದು ಗೆಳೆಯ, ಕಾದಂಬರಿಕಾರ ಜೋಲಾ ಹೊಸ ಚಿತ್ರಕಾರರ ಪರ ಬರೆದ ಪತ್ರಿಕೆ. ಹಿಂದಿನ ಗೋಡೆಯಲ್ಲಿ ತಾನೇ ಬರೆದ ಇನ್ನೊಂದು ಚಿತ್ರವನ್ನೂ ತೂಗುಹಾಕಿದ. ಅಪ್ಪನ ಆ ಮುಖವೂ ನಗುತ್ತಿಲ್ಲ. ಒಮ್ಮೆ ಹೋಗಿ ಅರ್ಧ ಗಂಟೆ ಅದೊಂದರ ಮುಂದೆಯೇ ಕೂತು, ಕಂಡದ್ದನ್ನು ಬರೆದು ಕಳಿಸಿ. ಆಗಲೂ ಇಷ್ಟವಾಗದಿದ್ದರೆ ಅದನ್ನೇ ಬರೆಯಿರಿ, ಪೂರ್ತಿ ಅಚ್ಚು ಹಾಕುತ್ತೇವೆ.