ಅಣ್ಣನಿಗೊಂದು ಪ್ರಶಸ್ತಿ ಕೊಡಿಸಲು 25 ಸಾವಿರ ಕಟ್ಟಲಾ?

ಪ್ರಶ್ನೆ: ನನಗೆ 33 ವರ್ಷ. ಕೋಲಾರದವಳು. ಬೆಂಗಳೂರಿನ ಜಾಹೀರಾತು ಏಜೆನ್ಸಿಯೊಂದರಲ್ಲಿ ಕಾಪಿರೈಟರ್. ಅಣ್ಣ ಕೋಲಾರದಲ್ಲೇ ಪತ್ರಿಕೆಯೊಂದರ ವರದಿಗಾರ. ಎಲ್ಲಾ ಸುದ್ದಿ ಮಾಡಬೇಕು, ಆದರೆ ಅವನ ಜೀವ ಇರೋದು ಆಟದಲ್ಲಿ. ಹದಿನೈದು ವರ್ಷದಿಂದ ಖೋ-ಖೋ, ಕಬಡ್ಡಿ, ಕೆಜಿಎಫ್‌ನ ಫುಟ್‌ಬಾಲ್ ಅಂತ ಬೈಕ್‌ನಲ್ಲಿ ಸುತ್ತುತ್ತಾನೆ. ಒಂದು ಪ್ರಶಸ್ತಿಯೂ ಬಂದಿಲ್ಲ. ಈ ವರ್ಷ ನನ್ನ ಒಂದು ಜಾಹೀರಾತಿಗೆ ರಾಷ್ಟ್ರಮಟ್ಟದ ಪದಕ ಬಂತು. ಊರಲ್ಲಿ ಎಲ್ಲರಿಗೂ ಖುಷಿ. ನಮ್ಮ ಬೀದಿಯ ಸಂಘದವರು ರಂಗಮಂದಿರದಲ್ಲಿ ಸನ್ಮಾನ ಇಟ್ಟುಕೊಂಡಿದ್ದಾರೆ. ಅದರ ಸುದ್ದಿ ಬರೆಯಬೇಕಾದವನು ಅಣ್ಣನೇ. ನಗ್ತಾನೆ, ಆದರೆ ಮೊದಲಿನ ಹಾಗೆ ಮಾತಾಡ್ತಿಲ್ಲ.

ಹೋದ ವಾರ ಅತ್ತಿಗೆ ಗುಟ್ಟಾಗಿ ಫೋನ್ ಮಾಡಿದರು. ಒಂದು ಸಂಸ್ಥೆಯವರು ಅಣ್ಣನಿಗೆ ರಾಜ್ಯಮಟ್ಟದ ಪ್ರಶಸ್ತಿ ಕೊಡ್ತಾರಂತೆ. ಅವರ ಸ್ಮರಣ ಸಂಚಿಕೆಗೆ 25 ಸಾವಿರ ಕೊಡಬೇಕು. 'ಅವರಿಗೆ ಗೊತ್ತಾಗೋದು ಬೇಡ, ನೀವೇ ಕಟ್ಟಿಬಿಡಿ' ಅಂದರು. ಕಟ್ಟೋಣ ಅಂತಲೇ ಅನ್ನಿಸ್ತಿದೆ. ಯಾಕಂದ್ರೆ ನನ್ನ ಪದಕದ ಕಥೆಯೂ ಚೆನ್ನಾಗಿಲ್ಲ. ಆ ಜಾಹೀರಾತು ಸ್ಪರ್ಧೆಗೆ ಅಂತಲೇ ಮಾಡಿದ್ದು. ನಿಯಮಕ್ಕಾಗಿ ಸಣ್ಣ ಪತ್ರಿಕೆಯೊಂದರಲ್ಲಿ ಒಂದೇ ಸಲ ಹಾಕಿಸಿದರು. ಹನಿ ನೀರಾವರಿ ಪೈಪ್ ಕಂಪನಿಗೆ ನಾನು ಬರೆದ ಸಾಲು ಶ್ರೀನಿವಾಸಪುರ ರಸ್ತೆಯ ಗೋಡೆಗಳ ಮೇಲೆ ಇನ್ನೂ ಇದೆ, ರೈತರು ಅದನ್ನ ಬಾಯಲ್ಲಿ ಹೇಳ್ತಾರೆ. ಅದನ್ನ ಯಾರೂ ಸ್ಪರ್ಧೆಗೆ ಕಳಿಸಲಿಲ್ಲ. ಎಲ್ಲಾ ಪ್ರಶಸ್ತಿಯೂ ಇಷ್ಟೇ ಅಂದಮೇಲೆ ಅಣ್ಣನಿಗೊಂದು ಕೊಡಿಸಿದರೆ ತಪ್ಪೇನು? ಅವನ ಒಂದು ವರದಿಯ ಕಟಿಂಗ್ ಜೊತೆಗಿಟ್ಟಿದ್ದೇನೆ.

– ಹೆಸರು ಬೇಡ, ಕೋಲಾರ

ಉತ್ತರ: ಆ ದುಡ್ಡು ಕಟ್ಟಬೇಡಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ನಿಮ್ಮ ಅತ್ತಿಗೆ ಉತ್ತರಕ್ಕೆ ಕಾಯುತ್ತಿರುತ್ತಾರೆ.

ನಿಮ್ಮ ಅಣ್ಣ ವರದಿಗಾರ. ಜಿಲ್ಲಾ ಕೇಂದ್ರದ ಪತ್ರಕರ್ತರ ನಡುವೆ ಇಂಥ ಗುಟ್ಟು ಹೆಚ್ಚು ದಿನ ಉಳಿಯುವುದಿಲ್ಲ. ಯಾವ ಸಂಸ್ಥೆ ಯಾರಿಗೆ ಫೋನ್ ಮಾಡಿತು, ಸಂಚಿಕೆಯ ಒಂದು ಪುಟಕ್ಕೆ ಎಷ್ಟು ಕೇಳಿತು ಅನ್ನೋದೆಲ್ಲ ಪತ್ರಿಕಾಗೋಷ್ಠಿ ಶುರುವಾಗುವ ಮುಂಚೆ ಟೀ ಕುಡಿಯುವಾಗ ಬರುವ ಮಾತು. ಅವರು ಪ್ರಶಸ್ತಿ ತಗೊಂಡು ಬಂದ ಮರುದಿನ ಗೆಳೆಯರು ಕೈಕುಲುಕುತ್ತಾರೆ. ನಾಲ್ಕು ದಿನ ಬಿಟ್ಟು ಯಾರೋ ಒಬ್ಬರು 'ನಿಮಗೆ ಎಷ್ಟು ಹೇಳಿದ್ರು?' ಅಂತ ಕೇಳುತ್ತಾರೆ. ಅಷ್ಟು ಸಾಕು. ಉಳಿದದ್ದನ್ನು ಅವರೇ ವಿಚಾರಿಸಿ ತಿಳಿದುಕೊಳ್ಳುತ್ತಾರೆ, ಅದು ಅವರ ದಿನನಿತ್ಯದ ಕೆಲಸ ಅಲ್ವಾ? ಪ್ರಶಸ್ತಿಯನ್ನು ದುಡ್ಡು ಕೊಟ್ಟು ತಂದದ್ದು ಅಂತ ತಿಳಿದರೆ ಅವರಿಗೆ ಬೇಜಾರಾಗುತ್ತೆ, ಅದನ್ನು ತಡೆದುಕೊಂಡಾರು. ಆದರೆ 'ಇವನಿಗೆ ತಾನಾಗಿ ಬರೋದಿಲ್ಲ' ಅಂತ ಹೆಂಡತಿ ಮತ್ತು ತಂಗಿ ಸೇರಿ ತೀರ್ಮಾನ ಮಾಡಿದ್ದರು ಅನ್ನೋದನ್ನು ತಡೆದುಕೊಳ್ಳೋದು ಕಷ್ಟ.

ಅತ್ತಿಗೆ ಮೇಲೆ ಕೋಪ ಮಾಡಿಕೊಳ್ಳಬೇಡಿ. ಗಂಡ ರಾತ್ರಿ ಹನ್ನೊಂದಕ್ಕೆ ಮೈಯೆಲ್ಲ ಧೂಳಾಗಿ ಮನೆಗೆ ಬರೋದನ್ನು ನೋಡುತ್ತಾ ಬಂದವರು ಅವರು. ಅವರ ಆಸೆ ನ್ಯಾಯವಾದದ್ದು. ಕೋಲಾರದಲ್ಲಿ ಪತ್ರಕರ್ತರ ಮಾತು ಬಂದರೆ ಮುಳಬಾಗಿಲಿನ ಡಿ.ವಿ. ಗುಂಡಪ್ಪನವರ ಹೆಸರು ಹೇಳುವುದು ರೂಢಿ. 1970ರಲ್ಲಿ ಅಭಿಮಾನಿಗಳು ಕೊಟ್ಟ ಒಂದು ಲಕ್ಷ ರೂಪಾಯಿಯ ನಿಧಿಯನ್ನು ಅವರು ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಗೆ ಕೊಟ್ಟುಬಿಟ್ಟರು. ದೊಡ್ಡ ಮಾತೇ. ಆದರೆ ತಿಂಗಳ ಸಂಬಳದಲ್ಲಿ ಮನೆ ನಡೆಸುವ ಒಬ್ಬ ವರದಿಗಾರನಿಗೆ 'ಡಿವಿಜಿ ನೋಡಿ ಕಲಿ, ಪ್ರಶಸ್ತಿಗೆ ಆಸೆ ಪಡಬೇಡ' ಅಂತ ಬುದ್ಧಿ ಹೇಳೋದು ನನಗೆ ಸರಿ ಕಾಣುವುದಿಲ್ಲ. ಮಾಡಿದ ಕೆಲಸವನ್ನು ತಿಳಿದವರು ನೋಡಿ 'ಚೆನ್ನಾಗಿದೆ' ಅನ್ನಲಿ ಅಂತ ಬಯಸೋದು ಮನುಷ್ಯ ಸಹಜ. ಬಹಿರಂಗವಾಗಿ ಹೇಳಿದರೆ ಇನ್ನೂ ಸಂತೋಷ. ನಿಮ್ಮ ಅಣ್ಣನಿಗೆ ಅದು ಸಿಗಬೇಕು ಅಂತ ನನಗೂ ಅನ್ನಿಸಿದೆ. ಯಾಕೆ ಅಂತ ಹೇಳುತ್ತೇನೆ.

ನೀವು ಕಳಿಸಿದ ಕಟಿಂಗ್ ಓದಿದೆ. ಪ್ರೌಢಶಾಲಾ ಬಾಲಕಿಯರ ಖೋ-ಖೋ ಫೈನಲ್. ನಮ್ಮಲ್ಲಿ ಇಂಥ ವರದಿಗಳು ಹೇಗಿರುತ್ತವೆ ಗೊತ್ತಲ್ಲ: ಶಾಸಕರು ಉದ್ಘಾಟಿಸಿದರು, ಇಂಥಿಂಥವರು ಉಪಸ್ಥಿತರಿದ್ದರು, ಕೊನೇ ಸಾಲಲ್ಲಿ ಯಾರು ಗೆದ್ದರು ಅನ್ನೋದು. ಆಡಿದ ಹುಡುಗಿಯರ ಹೆಸರೇ ಇರೋದಿಲ್ಲ. ನಿಮ್ಮ ಅಣ್ಣ ಶುರು ಮಾಡಿರೋದು ಕೊನೆಯ ಎರಡು ನಿಮಿಷದಿಂದ. ಓಡುವ ಹುಡುಗಿ ಒಬ್ಬಳೇ ಉಳಿದಿದ್ದಾಳೆ, ಬಲ ಕಣಕಾಲಿಗೆ ಬಟ್ಟೆ ಸುತ್ತಿದ್ದಾಳೆ. ಬೆನ್ನಟ್ಟುವ ತಂಡದವರು ಅದನ್ನು ಗಮನಿಸಿ ಅವಳು ಬಲಕ್ಕೆ ತಿರುಗಲೇಬೇಕಾದ ಹಾಗೆ ಖೋ ಕೊಡುತ್ತಿದ್ದಾರೆ. ಅವಳು ಮೂರು ಸಲ ಕಂಬದ ಹತ್ತಿರ ತಪ್ಪಿಸಿಕೊಂಡಳು, ನಾಲ್ಕನೇ ಸಲ ಆಗಲಿಲ್ಲ. ಇಷ್ಟನ್ನು ಆರು ಸಾಲಿನಲ್ಲಿ ಬರೆದಿದ್ದಾರೆ. ಆಮೇಲೆ ಸೋತ ಶಾಲೆಯ ಪಿ.ಇ. ಮೇಷ್ಟ್ರು ತಂಡದ ಬಸ್ ಚಾರ್ಜನ್ನು ತಾವೇ ಕೊಟ್ಟ ವಿಷಯ ಒಂದೇ ವಾಕ್ಯದಲ್ಲಿ ಇದೆ. ಅತಿಥಿಗಳ ಹೆಸರು ಕಟ್ಟಕಡೆಗೆ. ಖೋ-ಖೋ ಗೊತ್ತಿಲ್ಲದವರಿಗೂ ಆ ಆಟ ಕಣ್ಣಿಗೆ ಕಟ್ಟುತ್ತದೆ. ಇದನ್ನು ಅಂಗಳದ ಪಕ್ಕ ಕೊನೇ ತನಕ ನಿಂತವರು ಮಾತ್ರ ಬರೆಯಬಲ್ಲರು. ಉದ್ಘಾಟನೆ ಮುಗಿಸಿ ಹೊರಟವರ ಕೈಲಿ ಆಗುವ ಕೆಲಸ ಅಲ್ಲ.

ಈಗ 'ಎಲ್ಲಾ ಪ್ರಶಸ್ತಿಯೂ ಇಷ್ಟೇ' ಅನ್ನುವ ನಿಮ್ಮ ಮಾತಿಗೆ ಬರುತ್ತೇನೆ. ನಿಮ್ಮ ಕ್ಷೇತ್ರದಲ್ಲಿ ಸ್ಪರ್ಧೆಗೆ ದುಡ್ಡು ಕಟ್ಟೋದು ಮಾಮೂಲು. 1954ರಲ್ಲಿ ಶುರುವಾದ ಕಾನ್ ಲಯನ್ಸ್ ಅನ್ನುವ ಅಂತರರಾಷ್ಟ್ರೀಯ ಜಾಹೀರಾತು ಸ್ಪರ್ಧೆಗೆ ಒಂದೊಂದು ಎಂಟ್ರಿಗೂ ನೂರಾರು ಯೂರೊ ಕಟ್ಟಬೇಕು. ನಮ್ಮ ದೇಶದ ಜಾಹೀರಾತು ಪ್ರಶಸ್ತಿ ಅಬ್ಬಿಗೂ ಶುಲ್ಕ ಇದೆ. ಹಾಗಾಗಿ ನಿಮಗೆ ಆ 25 ಸಾವಿರವೂ ಅದೇ ಥರ ಕಾಣುತ್ತಿರಬಹುದು. ಆದರೆ ಅಲ್ಲಿ ಶುಲ್ಕ ಕಟ್ಟಿದವರಲ್ಲಿ ಹೆಚ್ಚಿನವರು ಬರಿಗೈಲಿ ವಾಪಸ್ ಬರುತ್ತಾರೆ. ತೀರ್ಪುಗಾರರು ಕೂತು ನೋಡುತ್ತಾರೆ, ಬೇಡ ಅನ್ನುತ್ತಾರೆ. ಅತ್ತಿಗೆಗೆ ಫೋನ್ ಬಂದ ಪ್ರಶಸ್ತಿಯಲ್ಲಿ ಸೋಲುವವರು ಯಾರೂ ಇಲ್ಲ. ಅಣ್ಣನ ಒಂದು ವರದಿಯನ್ನಾದರೂ ಅವರು ಕೇಳಿದರಾ? ನಿಮ್ಮ ಪತ್ರದಲ್ಲಿ ಹಾಗೇನೂ ಇಲ್ಲ.

ನಿಮ್ಮ ಪದಕ ಬೇರೆ ವಿಷಯ. ಅಲ್ಲಿ ತೀರ್ಪುಗಾರರು ನಿಜವಾದವರು, ಮುಂದಿಟ್ಟ ಕೆಲಸ ಮಾತ್ರ ಹೆಸರಿಗಷ್ಟೇ ನಡೆದದ್ದು. ನಿಮ್ಮವರು ಇದನ್ನು ಸ್ಕ್ಯಾಮ್ ಆ್ಯಡ್ ಅನ್ನುತ್ತಾರೆ, ಹಳೇ ರೋಗ. ಜನರನ್ನು ತಲುಪಿ ಕೆಲಸ ಮಾಡಿದ ಜಾಹೀರಾತಿಗೆ ಅಂತ ಏರ್ಪಡಿಸಿದ ಸ್ಪರ್ಧೆಯಲ್ಲಿ, ಜನ ನೋಡದ ಜಾಹೀರಾತು ಗೆದ್ದರೆ ಅದು ಸರಿಯಲ್ಲ. ನಿಮಗೂ ಅದು ಗೊತ್ತು, ಅದಕ್ಕೇ ಪದಕ ಬಂದರೂ ನೆಮ್ಮದಿ ಇಲ್ಲ. 2025ರಲ್ಲಿ ಬ್ರೆಜಿಲ್‌ನ ಏಜೆನ್ಸಿಯೊಂದು ಕಾನ್‌ನಲ್ಲಿ ಗೆದ್ದಿದ್ದ ಗ್ರ್ಯಾನ್ ಪ್ರಿ, ಅಂದರೆ ಒಂದು ವಿಭಾಗದ ಅತ್ಯುನ್ನತ ಪ್ರಶಸ್ತಿ, ವಾಪಸ್ ಹೋಯಿತು. ಎಂಟ್ರಿ ಜೊತೆ ಕಳಿಸಿದ ವಿಡಿಯೊದಲ್ಲಿ ಕೃತಕ ಬುದ್ಧಿಮತ್ತೆಯಿಂದ ತಿದ್ದಿದ ದೃಶ್ಯಗಳಿದ್ದವು. ಅಷ್ಟು ದೊಡ್ಡ ವೇದಿಕೆಯಲ್ಲೂ ಸುಳ್ಳು ನುಸುಳುತ್ತದೆ, ಹಿಡಿದಾಗ ಪ್ರಶಸ್ತಿ ಹೋಗುತ್ತದೆ.

ಅದೇ ಕ್ಷೇತ್ರದಲ್ಲಿ ಪೀಯೂಷ್ ಪಾಂಡೆಯವರೂ ಇದ್ದರು. ರಾಜಸ್ಥಾನಕ್ಕೆ ರಣಜಿ ಆಡಿದವರು, 1982ರಲ್ಲಿ ಓಗಿಲ್ವಿ ಏಜೆನ್ಸಿ ಸೇರಿ ಜಾಹೀರಾತಿನ ಸಾಲು ಬರೆದವರು. 'ದೋ ಬೂಂದ್ ಜಿಂದಗಿ ಕಿ' ಅನ್ನುವ ಅವರ ಸಾಲು ಪೋಲಿಯೊ ಲಸಿಕೆಯ ಮಾತನ್ನು ದೇಶದ ಮೂಲೆಮೂಲೆಗೆ ತಲುಪಿಸಿತು. 2014ರಲ್ಲಿ ಭಾರತ ಪೋಲಿಯೊ ಮುಕ್ತ ಅಂತ ಘೋಷಣೆಯಾಯಿತು. ಅದರ ಹಿಂದೆ ಲಕ್ಷಾಂತರ ಕಾರ್ಯಕರ್ತರ ಓಡಾಟ ಇತ್ತು, ಆ ಓಡಾಟದ ಜೊತೆಗೆ ಈ ಸಾಲೂ ಇತ್ತು. 2016ರಲ್ಲಿ ಅವರಿಗೆ ಪದ್ಮಶ್ರೀ, 2018ರಲ್ಲಿ ತಮ್ಮ ಪ್ರಸೂನ್ ಜೊತೆ ಕಾನ್‌ನ ಜೀವಮಾನದ ಗೌರವ. ಇದನ್ನು ನಿಮ್ಮ ಪದಕದ ಪಕ್ಕ ಇಟ್ಟು 'ಎಲ್ಲಾ ಒಂದೇ' ಅನ್ನಲು ನಿಮಗೇ ಮನಸ್ಸು ಬರಲಿಕ್ಕಿಲ್ಲ.

ಹನಿ ನೀರಾವರಿಯ ಸಾಲು ಬರೆದದ್ದೂ ನೀವೇ ಅಲ್ವಾ? ಅದನ್ನು ಯಾರೂ ಕಳಿಸಲಿಲ್ಲ ಅಂತ ಬರೆದಿದ್ದೀರಿ. ಮುಂದಿನ ಸಲ ನೀವೇ ಬಾಸ್ ಮುಂದೆ ಇಡಿ. 1968ರಿಂದ ನಡೆಯುತ್ತಿರುವ ಎಫಿ ಪ್ರಶಸ್ತಿಯಲ್ಲಿ ಮುಖ್ಯವಾಗಿ ನೋಡುವುದು ಜಾಹೀರಾತಿನಿಂದ ಏನು ಫಲ ಬಂತು ಅಂತ. ಪೈಪ್ ಎಷ್ಟು ಹೋಯಿತು ಅನ್ನೋದು ಕಂಪನಿಯವರ ಹತ್ತಿರ ಲೆಕ್ಕದಲ್ಲಿರುತ್ತೆ, ಕೇಳಿ ತಗೊಳ್ಳಿ. ಟೊಮೆಟೊ ಬೆಳೆಯುವ ನಾಡಿನ ರೈತರ ಬಾಯಲ್ಲಿ ನಿಂತ ಸಾಲು ಅದು. ಅದರ ಮೇಲೆ ನಿಮಗೆ ಹೆಮ್ಮೆ ಇರಲಿ.

ಅಣ್ಣನ ವಿಷಯದಲ್ಲಿ ನೀವು ಮಾಡಬಹುದಾದ ಕೆಲಸ ಜಾಸ್ತಿ ಇದೆ. ಒಂದು ಅನುಮಾನ ನನಗೆ: ಹದಿನೈದು ವರ್ಷದಲ್ಲಿ ಅವರು ಎಲ್ಲಾದರೂ ಅರ್ಜಿ ಹಾಕಿದ್ದಾರಾ? ಜಿಲ್ಲೆಯ ಎಷ್ಟೋ ಒಳ್ಳೆಯ ವರದಿಗಾರರು ಹಾಕುವುದೇ ಇಲ್ಲ. ನಾವಾಗಿ ಕೇಳಬಾರದು ಅನ್ನೋ ಸಂಕೋಚ. ಕಟಿಂಗ್ ಕೂಡ ಇಟ್ಟಿರೋದಿಲ್ಲ. ಕರ್ನಾಟಕ ಕಾರ್ಯನಿರತ ಪತ್ರಕರ್ತರ ಸಂಘದ ವಾರ್ಷಿಕ ಪ್ರಶಸ್ತಿಗಳಲ್ಲಿ ಕ್ರೀಡಾ ವರದಿಗೆ ಅಂತಲೇ ಕೆ.ಎ. ನೆಟ್ಟಕಲ್ಲಪ್ಪ ಅವರ ಹೆಸರಿನ ಪ್ರಶಸ್ತಿ ಇದೆ. ಕರ್ನಾಟಕ ಮಾಧ್ಯಮ ಅಕಾಡೆಮಿಯ ಪ್ರಶಸ್ತಿಗಳಿವೆ. ರಾಮನಾಥ್ ಗೋಯೆಂಕಾ ಪ್ರಶಸ್ತಿಯಲ್ಲಿ ಕ್ರೀಡಾ ಪತ್ರಿಕೋದ್ಯಮಕ್ಕೆ ಜಾಗ ಇದೆ, ಪ್ರಾದೇಶಿಕ ಭಾಷೆಗಳಿಗೂ ಇದೆ. 1924ರಲ್ಲಿ ಪ್ಯಾರಿಸ್‌ನಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಕ್ರೀಡಾ ಪತ್ರಕರ್ತರ ಸಂಸ್ಥೆ ಎಐಪಿಎಸ್ 2018ರಿಂದ ಪ್ರಶಸ್ತಿ ಕೊಡುತ್ತಿದೆ. ಪ್ರಕಟಣೆ ಬಂದಾಗ ನಿಯಮ ಓದಿ, ಗಡುವು ಬರೆದಿಟ್ಟುಕೊಳ್ಳಿ.

ಆ ಕೆಲಸ ನಿಮಗೆ ಚೆನ್ನಾಗಿ ಬರುತ್ತೆ. ಎಂಟ್ರಿ ಬರೆಯೋದು, ಜೊತೆಗೆ ಇಡಬೇಕಾದ ಟಿಪ್ಪಣಿ ಬರೆಯೋದು, ಬೇಕಾದಲ್ಲಿ ಇಂಗ್ಲಿಷ್‌ಗೆ ತರೋದು ಏಜೆನ್ಸಿಯಲ್ಲಿ ನೀವು ವರ್ಷವಿಡೀ ಮಾಡುವುದೇ. ಒಂದು ಭಾನುವಾರ ಕೋಲಾರಕ್ಕೆ ಹೋಗಿ. ಅಟ್ಟದಿಂದ ಹಳೇ ಪತ್ರಿಕೆಗಳ ಕಟ್ಟು ಇಳಿಸಿ, ಅಣ್ಣನ ಜೊತೆ ನೆಲದ ಮೇಲೆ ಕೂತು ಓದಿ. ಯಾವುದು ಒಳ್ಳೆಯದು ಅಂತ ಅವರನ್ನೇ ಕೇಳಿ, ನಿಮ್ಮ ಆಯ್ಕೆಯನ್ನೂ ಹೇಳಿ. ಅವರ ವರದಿಗಳನ್ನು ಮನೆಯಲ್ಲಿ ಯಾರಾದರೂ ಕೂತು ಓದಿ ಎಷ್ಟು ಕಾಲವಾಯಿತೋ. ಪ್ರಶಸ್ತಿ ಬರುತ್ತೆ ಅಂತ ಮಾತ್ರ ಹೇಳಬೇಡಿ, ಬರದೇ ಇರಬಹುದು. ಅಮೆರಿಕದ ರೆಡ್ ಸ್ಮಿತ್ 1920ರ ದಶಕದಿಂದ ಕ್ರೀಡೆ ಬರೆದವರು, ಪುಲಿಟ್ಜರ್ ಬಂದಾಗ 1976, ವಯಸ್ಸು 70.

ಅದೇ ದಿನ ನಿಮ್ಮ ಪದಕದ ಕಥೆಯನ್ನೂ ಅಣ್ಣನಿಗೆ ಹೇಳಿ. ಇದು ನಿಮಗೆ ಕಷ್ಟ, ಆದರೂ ಹೇಳಲೇಬೇಕು. ತಂಗಿಗೆ ದೊಡ್ಡ ಬಹುಮಾನ ಬಂತು, ತನಗೆ ಏನೂ ಇಲ್ಲ ಅಂತ ಅವರು ಒಳಗೊಳಗೇ ಅಳೆಯುತ್ತಿರಬಹುದು. ಅಳೆಯುತ್ತಿರುವ ಅಳತೆಗೋಲೇ ಸರಿಯಿಲ್ಲ ಅಂತ ಗೊತ್ತಿರುವವರು ನೀವೊಬ್ಬರೇ.

ಸನ್ಮಾನ ಸದ್ಯಕ್ಕೆ ಬೇಡ ಅನ್ನಿ. ಊರಿಗೆಲ್ಲ ಕಾರಣ ಕೊಡಬೇಕಾಗಿಲ್ಲ. ಸಂಘದ ಅಧ್ಯಕ್ಷರ ಮನೆಗೆ ಹೋಗಿ, 'ಆ ಜಾಹೀರಾತು ನನಗೇ ಸಮಾಧಾನ ತಂದಿಲ್ಲ, ಜನಕ್ಕೆ ಉಪಯೋಗವಾದ ಕೆಲಸ ಮಾಡಿದಾಗ ನಾನೇ ಬಂದು ಹೇಳ್ತೀನಿ' ಅನ್ನಿ. ಎರಡು ದಿನ ಬೇಜಾರು ಮಾಡಿಕೊಳ್ಳುತ್ತಾರೆ, ಪರವಾಗಿಲ್ಲ. ಶಾಲು, ಪೇಟ ಹಾಕಿಸಿಕೊಂಡು ವೇದಿಕೆ ಮೇಲೆ ನೀವು ಕೂತಿರಬೇಕು, ಮುಂದಿನ ಸಾಲಲ್ಲಿ ಅಣ್ಣ ಅದನ್ನೇ ಬರೆದುಕೊಳ್ಳುತ್ತಿರಬೇಕು, ಅದು ಹೆಸರಿಗಷ್ಟೇ ನಡೆದ ಕೆಲಸ ಅಂತ ನಿಮ್ಮಿಬ್ಬರಿಗೂ ಗೊತ್ತಿರಬೇಕು. ಇಬ್ಬರಿಗೂ ಆ ಪಾಡು ಬೇಡ.

ಇವತ್ತೇ ಅತ್ತಿಗೆಗೆ ಫೋನ್ ಮಾಡಿ. 'ಆಗಲ್ಲ' ಅಂತ ಒಂದೇ ಮಾತಲ್ಲಿ ಮುಗಿಸಬೇಡಿ, ದುಡ್ಡಿಗೆ ಹಿಂದೆಮುಂದೆ ನೋಡ್ತಿದ್ದೀರಿ ಅಂದುಕೊಳ್ಳುತ್ತಾರೆ. ಮೇಲೆ ಹೇಳಿದ ಪ್ರಶಸ್ತಿಗಳ ವಿಷಯ ತಿಳಿಸಿ, ಕಟಿಂಗ್ ಹುಡುಕಲು ಅವರನ್ನೂ ಸೇರಿಸಿಕೊಳ್ಳಿ. ಆ 25 ಸಾವಿರ ಖರ್ಚು ಮಾಡಲೇಬೇಕು ಅಂತಿದ್ದರೆ ಅಣ್ಣನಿಗೆ ಗೊತ್ತಿರುವ ಹಾಗೇ ಮಾಡಿ: ಮುಂದಿನ ರಾಜ್ಯಮಟ್ಟದ ಖೋ-ಖೋ ಟೂರ್ನಿ ಎಲ್ಲೇ ನಡೆಯಲಿ, ಪತ್ರಿಕೆಯವರು ಕಳಿಸದಿದ್ದರೂ ಅವರು ಹೋಗಿ ಕೊನೇ ಪಂದ್ಯದ ತನಕ ಉಳಿದು ಬರೆಯುವಂತೆ ಬಸ್ಸು, ರೂಮು, ಊಟದ ಖರ್ಚು ನೋಡಿಕೊಳ್ಳಿ.