ಮೂರು ದೇಶದ ಕಾಫಿ ತಂದರೂ ಎಲ್ಲದಕ್ಕೂ ಒಂದೇ ರುಚಿ, ಮುಂದೆ ಯಾವ ದೇಶದ್ದು ತರಿಸಲಿ?

ಇಥಿಯೋಪಿಯಾ, ಕೆನ್ಯಾ, ಕೊಲಂಬಿಯಾ ಮೂರನ್ನೂ ಬೆಂಗಳೂರಿನ ಅಪಾರ್ಟ್‌ಮೆಂಟಿನ ನಲ್ಲಿ ನೀರಲ್ಲಿ ಮಾಡಿದಿರಿ, ಮೂರೂ ಸಪ್ಪೆ ಅನ್ನಿಸಿತು, ಈಗ ನಾಲ್ಕನೇ ದೇಶ ಹುಡುಕುತ್ತಿದ್ದೀರಿ. ಯಾವ ದೇಶವೂ ಬೇಡ, ಸದ್ಯಕ್ಕೆ ನಿಲ್ಲಿಸಿ. ನನ್ನ ದುಡ್ಡೂ ಹೋಗಿದ್ದು ಇಲ್ಲೇ. ಬೀಜದಲ್ಲಿ ದೋಷವಿರಲಿಲ್ಲ, ನೀರಿನಲ್ಲಿತ್ತು.

ಹದವಾಗಿ, ತೆಳುವಾಗಿ ಹುರಿದ ಕೆನ್ಯಾ ಕಾಫಿಗೆ ಅಷ್ಟು ಬೆಲೆ ಕೊಡುವುದೇ ಅದರ ಹುಳಿಗೋಸ್ಕರ. ಸಿಟ್ರಿಕ್, ಮ್ಯಾಲಿಕ್ ಥರದ ಆಮ್ಲಗಳಿಂದ ಬರುವ ಹುಳಿ ಅದು. ನೀರಿನಲ್ಲಿ ಬೈಕಾರ್ಬೊನೇಟ್ ಜಾಸ್ತಿ ಇದ್ದರೆ ಲೋಟಕ್ಕೆ ಬರುವ ಮೊದಲೇ ಆ ಆಮ್ಲದ ಬಹಳಷ್ಟನ್ನು ತಿಂದುಹಾಕುತ್ತದೆ. ಹುಳಿ ಹೋದ ಮೇಲೆ ಉಳಿಯುವುದು ಕಹಿ, ಅದರ ಜೊತೆಗೆ ಸೀಮೆಸುಣ್ಣದಂಥ ಒಂದು ಒಗರು. ಅಲ್ಲಿಗೆ ಕೆನ್ಯಾ ಯಾವುದು ಕೊಲಂಬಿಯಾ ಯಾವುದು ಅಂತ ಹೇಳಲು ಪಳಗಿದ ನಾಲಿಗೆಗೂ ಆಗುವುದಿಲ್ಲ. ಸ್ಪೆಷಾಲ್ಟಿ ಕಾಫಿ ಅಸೋಸಿಯೇಷನ್ ರುಚಿ ಪರೀಕ್ಷೆಗೆ ಹೇಳುವ ಕ್ಷಾರತೆ (ನೀರಿನ ಬೈಕಾರ್ಬೊನೇಟ್‌ನ ಅಳತೆ) ಲೀಟರಿಗೆ 40 ಮಿಲಿಗ್ರಾಂ ಆಸುಪಾಸು. ನಮ್ಮ ಬೋರ್‌ವೆಲ್ ನೀರಿನಲ್ಲಿ ಅದು 200 ದಾಟುವುದು ಮಾಮೂಲು.

ಇಲ್ಲಿ ಎಲ್ಲರೂ ಮೂರು ಕಡೆ ಮೋಸ ಹೋಗುತ್ತಾರೆ. ಒಂದು, ಟಿಡಿಎಸ್ ಮೀಟರ್. ಅದು ಒಟ್ಟು ಲವಣ ಎಷ್ಟು ಅಂತ ಮಾತ್ರ ಹೇಳುತ್ತದೆ, ಅದರಲ್ಲಿ ಬೈಕಾರ್ಬೊನೇಟ್ ಎಷ್ಟು ಅನ್ನುವುದನ್ನು ಹೇಳುವುದಿಲ್ಲ. ಎರಡನೆಯದು ಅಪಾರ್ಟ್‌ಮೆಂಟಿನ ಸಾಫ್ಟ್‌ನರ್. ಅದು ಕ್ಯಾಲ್ಸಿಯಂ ತೆಗೆದು ಸೋಡಿಯಂ ಬಿಡುತ್ತದೆ. ಕೆಟಲ್‌ನಲ್ಲಿ ಬಿಳಿ ಪೊರೆ ಕಟ್ಟುವುದು ನಿಂತಿತು, ನೀರು ಸರಿಹೋಯಿತು ಅಂದುಕೊಳ್ಳುತ್ತೇವೆ. ಬೈಕಾರ್ಬೊನೇಟ್ ಮಾತ್ರ ಇದ್ದಷ್ಟೂ ಹಾಗೇ ಇರುತ್ತದೆ. ಕಾಫಿ ಹಾಳಾಗುವುದು ಹಾಗೇ ಮುಂದುವರಿಯುತ್ತದೆ, ಸುಳಿವು ಕೊಡುತ್ತಿದ್ದ ಪೊರೆಯೂ ಇಲ್ಲ. ಮೂರನೆಯದು ಬರೀ ಆರ್‌ಒ ನೀರು. ಅದರಲ್ಲಿ ಆಮ್ಲವನ್ನು ತಡೆಯುವ ಕ್ಷಾರವೂ ಇಲ್ಲ, ಖನಿಜವೂ ಇಲ್ಲ. ಕಾಫಿ ಚುಚ್ಚುವ ಹುಳಿಯಾಗಿ, ತೆಳ್ಳಗಾಗಿ ಇಳಿಯುತ್ತದೆ.

ಪರಿಹಾರ ಸುಲಭ. ಅಕ್ವೇರಿಯಂ ಅಂಗಡಿಯಲ್ಲಿ ಈ ಕ್ಷಾರತೆ ಅಳೆಯುವ ಕೆಎಚ್ ಟೆಸ್ಟ್ ಕಿಟ್ ಸಿಗುತ್ತದೆ, ತನ್ನಿ. ಸಾಮಾನ್ಯ ಕಿಟ್‌ನಲ್ಲಿ 5 ಮಿ.ಲೀ. ನೀರಿಗೆ ಹನಿ ಹನಿಯಾಗಿ ದ್ರವ ಬಿಡುತ್ತೀರಿ. ಬಣ್ಣ ಬದಲಾಗುವವರೆಗೆ ಬಿದ್ದ ಒಂದೊಂದು ಹನಿಗೂ ಲೀಟರಿಗೆ ಸುಮಾರು 18 ಮಿಲಿಗ್ರಾಂ ಲೆಕ್ಕ. ನಮಗೆ ಬೇಕಾದ್ದು ಎರಡು ಹನಿಯಷ್ಟು. ನಿಮ್ಮ ನಲ್ಲಿ ನೀರಿಗೆ 12 ಹನಿ ಬಿತ್ತು ಅನ್ನಿ, ಆಗ ಒಂದು ಪಾಲು ಆ ನೀರಿಗೆ ಐದು ಪಾಲು ಆರ್‌ಒ ನೀರು ಬೆರೆಸಿ, ಮತ್ತೆ ಹನಿ ಎಣಿಸಿ ನೋಡಿ. ಮನೆಯ ಆರ್‌ಒಗೆ ಟಿಡಿಎಸ್ ಕಂಟ್ರೋಲರ್ ಇದ್ದರೆ ಅದು ಆಗಲೇ ಹಸಿ ನೀರು ಬೆರೆಸುತ್ತಿರುತ್ತದೆ, ಅದನ್ನೂ ಪರೀಕ್ಷಿಸಿ. ಸಾಫ್ಟ್‌ನರ್ ನೀರಾದರೆ ಈ ಬೆರಕೆ ಬೇಡ, ಕ್ಯಾಲ್ಸಿಯಂ ಇಲ್ಲದ ನೀರು ಬೆರೆಸಿ ಏನು ಪ್ರಯೋಜನ? ಆಗ 5 ಲೀಟರ್ ಆರ್‌ಒ ನೀರಿಗೆ 1 ಗ್ರಾಂ ತಿನ್ನುವ ದರ್ಜೆಯ ಎಪ್ಸಮ್ ಉಪ್ಪು (ಮೆಗ್ನೀಸಿಯಂ ಸಲ್ಫೇಟ್), ಗ್ರಾಂನ ಮೂರನೇ ಒಂದು ಪಾಲು ಅಡುಗೆ ಸೋಡಾ ಹಾಕಿ ಕರಗಿಸಿ. ಅಡುಗೆಮನೆ ತಕ್ಕಡಿಯಲ್ಲಿ ಇಷ್ಟು ಕಡಿಮೆ ತೂಗಲಾಗದು, 0.01 ಗ್ರಾಂ ತೋರಿಸುವ ಪುಟ್ಟ ತಕ್ಕಡಿ ಬೇಕು.

ಈಗ ಬೀಜಕ್ಕೆ ಬರೋಣ. ದೇಶ ನೋಡಿ ಕೊಳ್ಳುವುದು ದಂಡ ಅಂತ ನನ್ನ ಖಚಿತ ಅಭಿಪ್ರಾಯ. ಹೊಸಬರು "ಇದು ಇಥಿಯೋಪಿಯಾದ ರುಚಿ" ಅನ್ನುವುದರಲ್ಲಿ ಬಹುಪಾಲು ಹಣ್ಣನ್ನು ಹೇಗೆ ಒಣಗಿಸಿದರು ಅನ್ನುವುದರ ರುಚಿ. ಅದನ್ನು ಕಲಿಯಲು ಆಮದು ಮಾಲು ಬೇಕಿಲ್ಲ. ಚಿಕ್ಕಮಗಳೂರು ಅಥವಾ ಬಾಬಾಬುಡನ್‌ಗಿರಿಯ ಒಂದೇ ಎಸ್ಟೇಟಿನ, ಒಂದೇ ತಳಿಯ ಎರಡು ಪ್ಯಾಕೆಟ್ ತನ್ನಿ, ಒಂದು ವಾಶ್ಡ್, ಇನ್ನೊಂದು ನ್ಯಾಚುರಲ್. ಎರಡೂ ಒಂದೇ ಹದಕ್ಕೆ ಹುರಿದಿರಬೇಕು. ವಾಶ್ಡ್‌ನಲ್ಲಿ ಹಣ್ಣನ್ನು ಪಲ್ಪರ್‌ಗೆ ಹಾಕಿ ಸಿಪ್ಪೆ ತೆಗೆದು, ಲೋಳೆಯನ್ನು ಹುದುಗಿಸಿ ತೊಳೆದು ಒಣಗಿಸುತ್ತಾರೆ, ರುಚಿ ತಿಳಿಯಾಗಿರುತ್ತದೆ. ನ್ಯಾಚುರಲ್‌ನಲ್ಲಿ ಇಡೀ ಹಣ್ಣೇ ಒಣಗುತ್ತದೆ, ಹಲಸಿನ ತೊಳೆ, ಒಣದ್ರಾಕ್ಷಿಯ ಕಡೆಗೆ ವಾಲುತ್ತದೆ. ಹೀಗೆ ಇಡೀ ಹಣ್ಣು ಒಣಗಿಸಿದ್ದನ್ನು ತೋಟದ ಕಡೆಯವರು ಚೆರ್ರಿ ಕಾಫಿ ಅನ್ನುತ್ತಾರೆ, ಅದು ಅಂದರೆ ಎರಡನೇ ದರ್ಜೆ ಅನ್ನಬಹುದು. ಕೊನೆಯಲ್ಲಿ ಉದುರಿದ್ದು, ಕಾಯಿ, ಹಣ್ಣು ಎಲ್ಲ ಸೇರಿಸಿ ಕಣದಲ್ಲಿ ರಾಶಿ ಹಾಕಿ ಒಣಗಿಸಿದ ಮಾಲಿಗೆ ಆ ಮಾತು ಸರಿ. ಕೆಂಪು ಹಣ್ಣನ್ನೇ ಆರಿಸಿ, ಜಾಲರಿ ಮಂಚದ ಮೇಲೆ ತೆಳ್ಳಗೆ ಹರಡಿ, ದಿನಕ್ಕೆ ಹಲವು ಸಲ ತಿರುವಿ ಒಣಗಿಸಿದ್ದು ಬೇರೆಯೇ ಸರಕು.

ಹೋಲಿಸುವಾಗ ಫಿಲ್ಟರ್ ಬೇಡ, ಹಾಲು ಬೇಡ. ಒಂದೇ ಥರದ ಮೂರು ಲೋಟ ಇಟ್ಟು, ತಲಾ 11 ಗ್ರಾಂ ಪುಡಿ ಹಾಕಿ. ಪುಡಿ ಉಪ್ಪಿಟ್ಟಿನ ರವೆಯಷ್ಟು ತರಿಯಾಗಿರಲಿ, ಆಗಷ್ಟೇ ಬೀಸಿದ್ದಾಗಿರಲಿ. ನೀರು ಕುದಿ ಬಂದ ಮೇಲೆ ಅರ್ಧ ನಿಮಿಷ ಬಿಟ್ಟು ಲೋಟಕ್ಕೆ 200 ಮಿ.ಲೀ. ಸುರಿಯಿರಿ. ಬೆಂಗಳೂರಿನ ಎತ್ತರದಲ್ಲಿ ನೀರು 97 ಡಿಗ್ರಿಗೇ ಕುದಿಯುತ್ತದೆ, ಹೆಚ್ಚು ಕಾಯುವುದು ಬೇಡ. ನಾಲ್ಕು ನಿಮಿಷಕ್ಕೆ ಮೇಲಿನ ಪದರವನ್ನು ಚಮಚದಿಂದ ಒಡೆದು, ನೊರೆ ತೆಗೆಯಿರಿ. ಹತ್ತು ನಿಮಿಷ ದಾಟಿದ ಮೇಲೆ ಚಮಚದಲ್ಲಿ ಸೊರ್ರನೆ ಹೀರಿ. ಬಿಸಿ ಇರುವಾಗ ಎಲ್ಲವೂ ಒಂದೇ, ಉಗುರುಬೆಚ್ಚಗಾದ ಮೇಲೆ ವ್ಯತ್ಯಾಸ ತೆರೆದುಕೊಳ್ಳುತ್ತದೆ. ಎರಡು ಲೋಟಕ್ಕೆ ಒಂದೇ ಕಾಫಿ, ಮೂರನೆಯದಕ್ಕೆ ಬೇರೆ ಹಾಕಿ, ಬೇರೆಯವರಿಗೆ ಜಾಗ ಬದಲಿಸಲು ಹೇಳಿ, ಒಂಟಿ ಲೋಟ ಯಾವುದು ಅಂತ ಗುರುತಿಸಿ. ಪದೇ ಪದೇ ತಪ್ಪುತ್ತಿದ್ದರೆ ಇನ್ನೊಂದು ದೇಶದ ಪ್ಯಾಕೆಟ್ ಕೊಳ್ಳುವ ಹೊತ್ತು ಬಂದಿಲ್ಲ.

ಈ ಗುರುತು ಹಿಡಿಯುವುದು ಪಳಗಿದ ಮೇಲೆ ದೇಶಗಳಿಗೆ ಹೋಗಿ, ವಾಶ್ಡ್‌ಗೆ ವಾಶ್ಡನ್ನೇ ಎದುರಿಟ್ಟು. ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರದ ಸೆಲೆಕ್ಷನ್ 9 ತಳಿಯ ಒಂದು ಪೋಷಕ ತಳಿ ಇಥಿಯೋಪಿಯಾದ ತಫಾರಿಕೆಲಾ. ಇದನ್ನು ಇಥಿಯೋಪಿಯಾದ ಯಿರ್ಗಾಚೆಫೆ ಪ್ರದೇಶದ ವಾಶ್ಡ್ ಪಕ್ಕದಲ್ಲಿಟ್ಟು ಕುಡಿದರೆ ಮಲ್ಲಿಗೆ, ನಿಂಬೆಸಿಪ್ಪೆಯ ಪರಿಮಳ ಎಲ್ಲಿ ಜಾಸ್ತಿ ಅಂತ ತಾನೇ ಗೊತ್ತಾಗುತ್ತದೆ. ಆಮೇಲೆ ಕೆನ್ಯಾದ ಎಸ್‌ಎಲ್ 28 ತಳಿ, ನೇರಳೆ ಹಣ್ಣಿನ ಹುಳಿ ಮತ್ತು ರಸ ಬೇಕಾದವರಿಗೆ. ಅಲ್ಲಿನ ಎಎ ಅನ್ನುವುದು ಬೀಜದ ಗಾತ್ರದ ದರ್ಜೆ, ಅದಕ್ಕೇ ಹೆಚ್ಚು ದುಡ್ಡು ಕೊಡಬೇಡಿ, ಅದಕ್ಕಿಂತ ಸಣ್ಣ ಬೀಜದ ಒಳ್ಳೆಯ ಎಬಿ ಎಷ್ಟೋ ಸಲ ಅದನ್ನು ಮೀರಿಸುತ್ತದೆ. ಪ್ಯಾಕೆಟ್ ಮೇಲೆ ಹುರಿದ ದಿನಾಂಕ ಇಲ್ಲದಿದ್ದರೆ ಮುಟ್ಟಬೇಡಿ. ತೆಳುವಾಗಿ ಹುರಿದದ್ದಾದರೆ ಹುರಿದ ಹತ್ತು ದಿನದ ಮೇಲೆ ಒಡೆದು, ತಿಂಗಳೊಳಗೆ ಮುಗಿಸಿ.

ಹಾಲು ಬಿಡಲು ಆಗುವುದೇ ಇಲ್ಲ ಅನ್ನುವಿರಾದರೆ ಈ ಹುಳಿ ಕಾಫಿಗಳ ಸಹವಾಸವೇ ಬೇಡ. ಸುಮಾತ್ರಾದ್ದು ತನ್ನಿ. ಅಲ್ಲಿ ಬೀಜ ಇನ್ನೂ ಹಸಿ ಇರುವಾಗಲೇ ಅದರ ಮೇಲಿನ ಪಾರ್ಚ್‌ಮೆಂಟ್ ಸಿಪ್ಪೆ ಬಿಡಿಸಿ ಆಮೇಲೆ ಪೂರ್ತಿ ಒಣಗಿಸುವುದರಿಂದ ಮಣ್ಣು, ಒದ್ದೆ ಮರದ ದಪ್ಪ ರುಚಿ ಬರುತ್ತದೆ. ಇಲ್ಲವೇ ಮಾನ್ಸೂನ್ಡ್ ಮಲಬಾರ್. ಮಂಗಳೂರು ಕರಾವಳಿಯ ಗೋದಾಮುಗಳಲ್ಲಿ ಮಳೆಗಾಲದ ಗಾಳಿಗೆ ಹರಡಿಟ್ಟು, ಬೀಜ ಉಬ್ಬಿ ಬಿಳುಚಿ, ಹುಳಿ ಇಳಿದುಹೋದ ಕಾಫಿ ಅದು. ಸ್ವಲ್ಪ ಕಡು ಹುರಿದದ್ದನ್ನು ಮನೆಯ ಫಿಲ್ಟರ್‌ನಲ್ಲೇ ಇಳಿಸಿ, ಚಿಕೋರಿ ಇಲ್ಲದೆ. ಈ ಎರಡಕ್ಕೆ ನಿಮ್ಮ ನಲ್ಲಿ ನೀರೂ ಅಷ್ಟು ತೊಂದರೆ ಕೊಡುವುದಿಲ್ಲ.